ಕಾಣದ ಮಾಟಗಾತಿ, ಬೆದರಿದ ಪ್ರೇಕ್ಷಕ

ಒಂದೇ ಚಲನಚಿತ್ರವನ್ನು ಅಕ್ಕಪಕ್ಕದ ಕುರ್ಚಿಗಳಲ್ಲಿ ಕುಳಿತು ನೋಡಿದ ಇಬ್ಬರಲ್ಲಿ ಒಬ್ಬರು ರಾತ್ರಿಯಿಡೀ ದೀಪ ಆರಿಸದೆ ಮಲಗುವುದೂ, ಇನ್ನೊಬ್ಬರು ಟಿಕೆಟಿನ ಹಣ ದಂಡವಾಯಿತೆಂದು ಗೊಣಗುವುದೂ ಹೊಸ ಸಂಗತಿಯೇನಲ್ಲ. ಆದರೆ ಈ ಎರಡು ತುದಿಗಳ ನಡುವಿನ ಅಂತರವು 1999ರಲ್ಲಿ ಅಮೆರಿಕದಲ್ಲಿ ತೆರೆಕಂಡ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ ಎಂಬ ಚಿತ್ರದ ವಿಷಯದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಂಡಿರಲಾರದು. ಅತ್ಯಲ್ಪ ಬಂಡವಾಳದಲ್ಲಿ, ಹೆಸರಿಲ್ಲದ ನಟರನ್ನಿಟ್ಟುಕೊಂಡು, ಯಾವ ದೊಡ್ಡ ನಿರ್ಮಾಣ ಸಂಸ್ಥೆಯ ಆಸರೆಯೂ ಇಲ್ಲದೆ ತಯಾರಾದ ಈ ಭಯಾನಕ ಚಿತ್ರದಲ್ಲಿ ಮಾಟಗಾತಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ಕೊಲೆಯ ದೃಶ್ಯವೊಂದೂ ಇಲ್ಲ. ಆದರೂ ಇದನ್ನು ನೋಡಿದವರಲ್ಲಿ ಕೆಲವರು ನಡುಗಿದರು, ಕೆಲವರು ನಕ್ಕರು, ಕೆಲವರು ಸಿಟ್ಟಿಗೆದ್ದರು, ಕೆಲವರು ತಲೆಸುತ್ತಿ ಹೊರಗೋಡಿದರು. ಇನ್ನು ಕೆಲವರು ಸತ್ತರೆಂದು ತಾವು ನಂಬಿದ ನಟಿಯ ತಾಯಿಗೆ ಸಂತಾಪದ ಕಾರ್ಡುಗಳನ್ನು ಕಳುಹಿಸಿದರು.

ಒಂದು ಕೃತಿಗೆ ಇಷ್ಟು ಬಗೆಯ ಪ್ರತಿಕ್ರಿಯೆ ಏಕೆ? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮ ಅಲಂಕಾರಿಕರು ರಸದ ಬಗೆಗೆ ಹೇಳಿದ ಮಾತುಗಳು ಅನಿರೀಕ್ಷಿತವಾಗಿ ನೆರವಿಗೆ ಬರುತ್ತವೆ. ಮೊದಲು ಚಿತ್ರದ ಹಿನ್ನೆಲೆಯನ್ನು ತಿಳಿದುಕೊಳ್ಳೋಣ.

ಎಂಟು ದಿನಗಳ ಚಿತ್ರೀಕರಣ

ಡೇನಿಯಲ್ ಮೈರಿಕ್ ಮತ್ತು ಎಡ್ವಾರ್ಡೊ ಸಾಂಚೆಸ್ ಎಂಬಿಬ್ಬರು ಫ್ಲೋರಿಡಾದ ವಿಶ್ವವಿದ್ಯಾಲಯವೊಂದರಲ್ಲಿ ಚಲನಚಿತ್ರ ವಿಭಾಗದ ವಿದ್ಯಾರ್ಥಿಗಳಾಗಿದ್ದಾಗ ಸ್ನೇಹಿತರಾದವರು. ಅವರು ಕಟ್ಟಿದ ಕಥೆ ಸರಳವಾದುದು. 1994ರ ಅಕ್ಟೋಬರಿನಲ್ಲಿ ಮೂವರು ವಿದ್ಯಾರ್ಥಿಗಳು ಮೇರಿಲ್ಯಾಂಡ್ ರಾಜ್ಯದ ಬರ್ಕಿಟ್ಸ್‌ವಿಲ್ ಎಂಬ ಹಳ್ಳಿಯ ಬಳಿಯ ಕಾಡಿಗೆ, ಅಲ್ಲಿನ ಮಾಟಗಾತಿಯ ಐತಿಹ್ಯದ ಬಗ್ಗೆ ಸಾಕ್ಷ್ಯಚಿತ್ರ ತೆಗೆಯಲೆಂದು ಹೋಗುತ್ತಾರೆ; ಮರಳುವುದಿಲ್ಲ. ಒಂದು ವರ್ಷದ ಬಳಿಕ ಅವರು ತೆಗೆದ ಚಿತ್ರದ ಸುರುಳಿಗಳು ದೊರೆಯುತ್ತವೆ. ನಾವು ತೆರೆಯ ಮೇಲೆ ನೋಡುವುದು ಆ ಸುರುಳಿಗಳನ್ನೇ ಎಂಬುದು ಚಿತ್ರದ ಕಟ್ಟು. ವಾಸ್ತವದಲ್ಲಿ ಆ ಮಾಟಗಾತಿಯ ಐತಿಹ್ಯವೂ ಈ ನಿರ್ದೇಶಕರದೇ ಸೃಷ್ಟಿ.

1997ರ ಅಕ್ಟೋಬರಿನಲ್ಲಿ ಎಂಟು ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಕಾಡಿನ ಬಹುಭಾಗವನ್ನು ಸೆನೆಕಾ ಕ್ರೀಕ್ ಎಂಬ ರಾಜ್ಯ ಉದ್ಯಾನದಲ್ಲಿ ಚಿತ್ರಿಸಲಾಯಿತು. ಹೆದರ್ ಡೊನಹ್ಯೂ, ಜೋಶುವಾ ಲೆನರ್ಡ್ ಮತ್ತು ಮೈಕೇಲ್ ವಿಲಿಯಮ್ಸ್ ಎಂಬ ಮೂವರು ನಟರು ತಮ್ಮ ನಿಜನಾಮದಲ್ಲಿಯೇ ಪಾತ್ರ ವಹಿಸಿದರು. ಕ್ಯಾಮೆರಾ ಹಿಡಿದವರೂ ಅವರೇ. ಬರೆದಿಟ್ಟ ಸಂಭಾಷಣೆ ಇರಲಿಲ್ಲ. ದಿಕ್ಕು ತೋರುವ ಉಪಗ್ರಹ ಸಾಧನವೊಂದನ್ನು ಕೈಗಿತ್ತು, ದಾರಿಯಲ್ಲಿ ಅಲ್ಲಲ್ಲಿ ಅವರವರಿಗೆ ಪ್ರತ್ಯೇಕವಾಗಿ ಸೂಚನೆಯ ಚೀಟಿಗಳನ್ನು ಇಟ್ಟಿರುತ್ತಿದ್ದರು. ದಿನ ಕಳೆದಂತೆ ಆಹಾರವನ್ನು ಕಡಿಮೆ ಮಾಡುತ್ತಾ ಹೋದರು. ರಾತ್ರಿ ನಿದ್ರೆಯ ವೇಳೆಯಲ್ಲಿ ನಿರ್ದೇಶಕರ ತಂಡದವರೇ ಗುಡಾರವನ್ನು ಅಲುಗಿಸಿ, ಮಕ್ಕಳ ಧ್ವನಿಯನ್ನು ಕೇಳಿಸಿ ಬೆಚ್ಚಿಬೀಳಿಸುತ್ತಿದ್ದರು. ಹೀಗಾಗಿ ತೆರೆಯ ಮೇಲಿನ ದಣಿವು, ಹಸಿವು, ಜಗಳಗಳಲ್ಲಿ ಅಭಿನಯವೆಷ್ಟು, ಅನುಭವವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಸುಮಾರು 20 ಗಂಟೆಗಳ ಚಿತ್ರಿಕೆಯನ್ನು ತಿಂಗಳುಗಟ್ಟಲೆ ಕತ್ತರಿಸಿ, ಒಂದು ಗಂಟೆ ಇಪ್ಪತ್ತು ನಿಮಿಷಗಳ ಆಸುಪಾಸಿಗೆ ಇಳಿಸಿದರು.

ಚಿತ್ರೀಕರಣಕ್ಕೆ ತಗುಲಿದ ವೆಚ್ಚ ಕೆಲವು ಹತ್ತು ಸಾವಿರ ಡಾಲರುಗಳು ಮಾತ್ರ. 1999ರ ಜನವರಿಯಲ್ಲಿ ಸನ್‌ಡಾನ್ಸ್ ಚಿತ್ರೋತ್ಸವದ ಮಧ್ಯರಾತ್ರಿಯ ಪ್ರದರ್ಶನದಲ್ಲಿ ಇದನ್ನು ಕಂಡ ಆರ್ಟಿಸನ್ ಎಂಬ ವಿತರಣಾ ಸಂಸ್ಥೆ ಸುಮಾರು 11 ಲಕ್ಷ ಡಾಲರಿಗೆ ಹಕ್ಕುಗಳನ್ನು ಕೊಂಡಿತು. ಜುಲೈ 14ರಂದು ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ಬಿಡುಗಡೆಯಾಗಿ, ಆ ತಿಂಗಳ ಕೊನೆಗೆ ದೇಶದಾದ್ಯಂತ ಹರಡಿದ ಚಿತ್ರವು ಜಗತ್ತಿನಾದ್ಯಂತ ಸುಮಾರು 24 ಕೋಟಿ 80 ಲಕ್ಷ ಡಾಲರ್ ಗಳಿಸಿತು. ಹಾಕಿದ ಹಣಕ್ಕೂ ಬಂದ ಹಣಕ್ಕೂ ಇಷ್ಟೊಂದು ತಾಳೆಯಿಲ್ಲದ ಉದಾಹರಣೆ ಚಿತ್ರರಂಗದ ಲೆಕ್ಕದ ಪುಸ್ತಕಗಳಲ್ಲಿ ವಿರಳ.

ವದಂತಿಯೇ ಬಂಡವಾಳ

ಈ ಗಳಿಕೆಯ ಹಿಂದೆ ಚಿತ್ರದಷ್ಟೇ ಕೆಲಸ ಮಾಡಿದುದು ವದಂತಿ. ಚಿತ್ರವು ಬಿಡುಗಡೆಯಾಗುವುದಕ್ಕೆ ಮೊದಲೇ ಅಂತರ್ಜಾಲದಲ್ಲಿ ಅದರದೊಂದು ತಾಣ ತೆರೆದಿತ್ತು. 1785ರಲ್ಲಿ ಊರಿನಿಂದ ಹೊರದೂಡಲ್ಪಟ್ಟ ಮಾಟಗಾತಿಯ ಕಥೆ, ನಂತರದ ಕೊಲೆಗಳ ದಾಖಲೆ, ಕಾಣೆಯಾದ ವಿದ್ಯಾರ್ಥಿಗಳ ಬಾಲ್ಯದ ಭಾವಚಿತ್ರ, ಪೊಲೀಸರ ಶೋಧದ ವಿವರಗಳೆಲ್ಲವೂ ಅಲ್ಲಿ ನಿಜವೆಂಬಂತೆ ಜೋಡಿಸಲ್ಪಟ್ಟಿದ್ದವು. ಚಿತ್ರೋತ್ಸವ ನಡೆದ ಊರಿನಲ್ಲಿ ‘ಕಾಣೆಯಾಗಿದ್ದಾರೆ’ ಎಂಬ ಭಿತ್ತಿಪತ್ರಗಳನ್ನು ಹಂಚಲಾಯಿತು. ಚಲನಚಿತ್ರಗಳ ಮಾಹಿತಿಗೆ ಜಗತ್ತೇ ನೆಚ್ಚಿದ್ದ ಅಂತರ್ಜಾಲ ಕೋಶದಲ್ಲಿ ಈ ಮೂವರು ನಟರು ಕಾಣೆಯಾಗಿದ್ದು, ಮೃತರೆಂದು ಭಾವಿಸಲಾಗಿದೆ ಎಂಬ ಉಲ್ಲೇಖವಿತ್ತು. ಬಿಡುಗಡೆಗೆ ಮುನ್ನ ದೂರದರ್ಶನ ವಾಹಿನಿಯೊಂದು ಸಾಕ್ಷ್ಯಚಿತ್ರದ ರೂಪದ ಕಲ್ಪಿತ ಕಾರ್ಯಕ್ರಮವನ್ನು ಬಿತ್ತರಿಸಿ ಈ ನಂಬಿಕೆಯನ್ನು ಗಟ್ಟಿಗೊಳಿಸಿತು. ಆರಂಭದಲ್ಲಿ ನಟರನ್ನು ಸಂದರ್ಶನಗಳಿಂದ ದೂರವಿರಿಸಲಾಗಿತ್ತು.

ಇದನ್ನು ಓದಿ ಅಮೆರಿಕದವರ ಮುಗ್ಧತೆಗೆ ನಗುವ ಮೊದಲು ನಮ್ಮದೇ ಬೀದಿಗಳನ್ನು ನೆನೆಯುವುದು ಲೇಸು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರುಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದ ಕಾಲವೊಂದಿತ್ತು. ರಾತ್ರಿ ಪರಿಚಿತರ ಧ್ವನಿಯಲ್ಲಿ ಕೂಗಿ ಕರೆಯುವ ದೆವ್ವವು ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬುದು ನಂಬಿಕೆ. ಬರೆದವರೆಲ್ಲರೂ ಅದನ್ನು ನಂಬಿದ್ದರೆಂದಲ್ಲ; ಎಲ್ಲರೂ ಬರೆದಿದ್ದಾರೆ, ನಾವು ಬರೆದರೆ ನಷ್ಟವೇನು ಎಂಬ ಭಾವ ಹಲವರದು. ವದಂತಿಯ ಶಕ್ತಿ ಇರುವುದೇ ಇಲ್ಲಿ. ಅದು ಪೂರ್ಣ ನಂಬಿಕೆಯನ್ನು ಬೇಡುವುದಿಲ್ಲ. ‘ಇದ್ದರೂ ಇದ್ದೀತು’ ಎಂಬ ಒಂದಿಷ್ಟು ಜಾಗ ಸಿಕ್ಕರೆ ಸಾಕು, ಅಲ್ಲಿಯೇ ಬೇರೂರುತ್ತದೆ. ಬ್ಲೇರ್ ವಿಚ್ ಚಿತ್ರದ ಬಹುಮಂದಿ ಪ್ರೇಕ್ಷಕರು ಚಿತ್ರಮಂದಿರವನ್ನು ಪ್ರವೇಶಿಸಿದ್ದು ಇಂಥ ಅರೆನಂಬಿಕೆಯನ್ನು ಹೊತ್ತುಕೊಂಡೇ.

ನೋಡಿದವರು ಏನೆಂದರು?

ಪ್ರತಿಕ್ರಿಯೆಗಳನ್ನು ಸ್ಥೂಲವಾಗಿ ನಾಲ್ಕಾಗಿ ವಿಂಗಡಿಸಬಹುದು.

ಮೊದಲನೆಯವರು ನಿಜವಾಗಿ ಬೆದರಿದವರು. ಅವರಲ್ಲಿ ಹಲವರು ಹೇಳಿದ್ದು, ತಮ್ಮನ್ನು ಕಾಡಿದುದು ತೆರೆಯ ಮೇಲೆ ಕಂಡದ್ದಲ್ಲ, ಕಾಣದೆ ಉಳಿದದ್ದು ಎಂದು. ಗುಡಾರದ ಹೊರಗಿನ ಕಡ್ಡಿ ಮುರಿಯುವ ಸದ್ದು, ಬೆಳಗಾಗುವಷ್ಟರಲ್ಲಿ ಯಾರೋ ಒಟ್ಟಿಟ್ಟ ಕಲ್ಲಿನ ಗುಪ್ಪೆಗಳು, ಮರದಿಂದ ನೇತುಬಿದ್ದ ಕಡ್ಡಿಯ ಬೊಂಬೆಗಳು, ನಡೆದಷ್ಟೂ ಅದೇ ತೊರೆಯ ಬಳಿಗೆ ಬಂದು ನಿಲ್ಲುವ ದಾರಿ. ಕೊನೆಯ ಭಾಗದಲ್ಲಿ ನಾಯಕಿಯು ಕ್ಯಾಮೆರಾವನ್ನು ತನ್ನ ಮುಖಕ್ಕೇ ಹಿಡಿದುಕೊಂಡು, ಕಣ್ಣುಮೂಗುಗಳಿಂದ ನೀರು ಸುರಿಸುತ್ತಾ, ಮೂವರ ತಾಯಂದಿರ ಕ್ಷಮೆ ಕೇಳುವ ದೃಶ್ಯವು ಅನೇಕರ ಮನಸ್ಸಿನಲ್ಲಿ ಉಳಿಯಿತು. ವಿಮರ್ಶಕ ರೋಜರ್ ಈಬರ್ಟ್ ಈ ಚಿತ್ರಕ್ಕೆ ತಮ್ಮ ಅತ್ಯುನ್ನತ ಶ್ರೇಣಿಯಾದ ನಾಲ್ಕು ನಕ್ಷತ್ರಗಳನ್ನು ಕೊಟ್ಟರು.

ಎರಡನೆಯವರು ಬೇಸತ್ತವರು, ಸಿಟ್ಟಾದವರು. ದೆವ್ವವನ್ನು ತೋರಿಸುತ್ತೇವೆಂದು ಕರೆದು ಎಲೆ, ಕಡ್ಡಿ, ಕತ್ತಲೆಗಳನ್ನು ತೋರಿಸಿದರು ಎಂಬುದು ಇವರ ದೂರು. ಬಿಡುಗಡೆಯಾದ ದಿನ ಪ್ರೇಕ್ಷಕರಿಂದ ಅಂಕ ಪಡೆಯುವ ಸಿನೆಮಾಸ್ಕೋರ್ ಸಂಸ್ಥೆಯ ಸಮೀಕ್ಷೆಯಲ್ಲಿ ಈ ಚಿತ್ರಕ್ಕೆ ದೊರೆತದ್ದು ‘ಸಿ ಪ್ಲಸ್’ ಮಾತ್ರ. ವಿಮರ್ಶಕರು ಮೆಚ್ಚಿದ ಚಿತ್ರವೊಂದಕ್ಕೆ ಇದು ತೀರಾ ಸಾಧಾರಣ ಶ್ರೇಣಿ. ಚಿತ್ರದ ಕೊನೆ ಅರ್ಥವಾಗಲಿಲ್ಲವೆಂದವರೂ ಇದ್ದರು. ಮೊದಲಿನ ಪ್ರದರ್ಶನಗಳಲ್ಲಿಯೇ ಈ ಗೊಂದಲ ಕಂಡುಬಂದುದರಿಂದ ಬೇರೆ ಮುಕ್ತಾಯಗಳನ್ನೂ ಚಿತ್ರಿಸಿ ನೋಡಿದರು. ಆದರೆ ನಿರ್ದೇಶಕರು ಮೂಲ ಮುಕ್ತಾಯವನ್ನೇ ಉಳಿಸಿಕೊಂಡು, ಗೋಡೆಯ ಮೂಲೆಗೆ ಮುಖಮಾಡಿ ನಿಲ್ಲುವುದರ ಅರ್ಥವನ್ನು ಸೂಚಿಸುವ ಊರಿನವರ ಮಾತೊಂದನ್ನು ಚಿತ್ರದ ಆರಂಭದ ಭಾಗಕ್ಕೆ ಸೇರಿಸಿದರು. ಆ ಒಂದು ಮಾತನ್ನು ಗಮನಿಸಿದವರು ಕೊನೆಯ ಕ್ಷಣದಲ್ಲಿ ಬೆಚ್ಚಿದರು, ಗಮನಿಸದವರು ‘ಇಷ್ಟೇನೇ?’ ಎಂದು ಎದ್ದರು.

ಮೂರನೆಯವರ ಪ್ರತಿಕ್ರಿಯೆ ದೇಹದ್ದು. ಕೈಯಲ್ಲಿ ಹಿಡಿದ ಕ್ಯಾಮೆರಾ ಓಡುವಾಗ, ಬೀಳುವಾಗ ದೊಡ್ಡ ತೆರೆಯ ಮೇಲಿನ ಚಿತ್ರವೆಲ್ಲ ತೂಗಾಡುತ್ತಿತ್ತು. ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಆಗುವಂತೆಯೇ ಹಲವರಿಗೆ ತಲೆಸುತ್ತು, ವಾಕರಿಕೆ ಬಂದವು. ಕಣ್ಣು ಚಲನೆಯನ್ನು ಕಾಣುತ್ತಿರುವಾಗ ಒಳಕಿವಿಯ ಸಮತೋಲನಾಂಗವು ‘ನೀನು ಕುಳಿತೇ ಇದ್ದೀಯೆ’ ಎನ್ನುತ್ತದೆ; ಈ ಎರಡು ಸಾಕ್ಷ್ಯಗಳ ವಿರೋಧವೇ ವಾಕರಿಕೆಗೆ ಕಾರಣವೆಂದು ವೈದ್ಯಶಾಸ್ತ್ರ ವಿವರಿಸುತ್ತದೆ. ಭಯದಿಂದ ವಾಂತಿ ಮಾಡಿಕೊಂಡರೆಂದು ಪ್ರಚಾರವಾದ ಪ್ರಸಂಗಗಳಲ್ಲಿ ಈ ಕಾರಣದವು ಸಾಕಷ್ಟಿದ್ದಿರಬೇಕು.

ನಾಲ್ಕನೆಯವರು ನಂಬಿದವರು. ಇವರು ಚಿತ್ರವನ್ನು ಚಿತ್ರವಾಗಿ ನೋಡಲೇ ಇಲ್ಲ. ಮೂರು ಸಾವುಗಳ ದಾಖಲೆಯಾಗಿ ನೋಡಿದರು. ಸಂತಾಪದ ಕಾರ್ಡುಗಳನ್ನು ಕಳುಹಿಸಿದವರು ಇಂಥವರು. ಬರ್ಕಿಟ್ಸ್‌ವಿಲ್ ಹಳ್ಳಿಗೆ ಮಾಟಗಾತಿಯನ್ನು ಹುಡುಕಿಕೊಂಡು ಜನ ಬಂದರು. ಇನ್ನೂರು ಜನಸಂಖ್ಯೆಯೂ ಇಲ್ಲದ ಆ ಊರಿನ ಹೆಸರಿನ ಫಲಕಗಳು ಕಳುವಾದವು. ಅಲ್ಲಿನ ಸ್ಮಶಾನಕ್ಕೂ ಸಂದರ್ಶಕರ ಕಾಟ ತಪ್ಪಲಿಲ್ಲ.

ಅಭಿನವಗುಪ್ತನ ಏಳು ವಿಘ್ನಗಳು

ಭರತನ ನಾಟ್ಯಶಾಸ್ತ್ರವು ಭಯವೆಂಬ ಸ್ಥಾಯಿಭಾವವು ಭಯಾನಕರಸವಾಗಿ ಪರಿಣಮಿಸುತ್ತದೆ ಎನ್ನುತ್ತದೆ. ಲೋಕದ ಭಯ ಬೇರೆ, ರಂಗದ ಭಯಾನಕ ಬೇರೆ. ಬೀದಿಯಲ್ಲಿ ಹುಚ್ಚುನಾಯಿ ಅಟ್ಟಿಸಿಕೊಂಡು ಬಂದಾಗ ಯಾರೂ ಸವಿಯುತ್ತಾ ನಿಲ್ಲುವುದಿಲ್ಲ. ರಂಗದ ಮೇಲಿನ ರಕ್ಕಸನನ್ನಾದರೋ ನಾವು ಹಣ ಕೊಟ್ಟು ನೋಡಲು ಹೋಗುತ್ತೇವೆ. ಈ ಪರಿವರ್ತನೆ ಹೇಗಾಗುತ್ತದೆ? ಸುಮಾರು ಸಾವಿರ ವರ್ಷಗಳ ಹಿಂದೆ ಕಾಶ್ಮೀರದಲ್ಲಿದ್ದ ಅಭಿನವಗುಪ್ತನು ನಾಟ್ಯಶಾಸ್ತ್ರಕ್ಕೆ ಬರೆದ ವ್ಯಾಖ್ಯಾನದಲ್ಲಿ, ರಸಾನುಭವವು ಅಡೆತಡೆಯಿಲ್ಲದ ಅನುಭವವೆಂದೂ, ಅದಕ್ಕೆ ಏಳು ವಿಘ್ನಗಳು ಒದಗಬಹುದೆಂದೂ ಹೇಳುತ್ತಾನೆ. ಅವುಗಳಲ್ಲಿ ನಾಲ್ಕು ನಮ್ಮ ಪ್ರಸ್ತುತ ವಿಷಯಕ್ಕೆ ಚೆನ್ನಾಗಿ ಹೊಂದುತ್ತವೆ.

ಮೊದಲ ವಿಘ್ನವು ಸಂಭಾವನಾವಿರಹ, ಅಂದರೆ ‘ಹೀಗೂ ನಡೆದೀತು’ ಎಂಬ ಭಾವವೇ ಹುಟ್ಟದಿರುವುದು. ಅಲೌಕಿಕ ಸಂಗತಿಗಳನ್ನು ಹೇಳುವಾಗ ಇದನ್ನು ನಿವಾರಿಸಲು ರಾಮಾದಿಗಳಂಥ ಪ್ರಸಿದ್ಧ ಪಾತ್ರಗಳನ್ನು ಆರಿಸಿಕೊಳ್ಳಬೇಕೆಂಬುದು ಅವನ ಸಲಹೆ. ಸಮುದ್ರವನ್ನು ಯಾರೋ ಒಬ್ಬ ಹಾರಿದನೆಂದರೆ ನಂಬಿಕೆ ಬಾರದು, ಹನುಮಂತ ಹಾರಿದನೆಂದರೆ ಮನಸ್ಸು ಒಪ್ಪುತ್ತದೆ. ಎರಡನೆಯದು, ರಂಗದ ಸುಖದುಃಖಗಳನ್ನು ಇಂಥ ಕಾಲದ, ಇಂಥ ಸ್ಥಳದ, ನನ್ನದೇ ಅಥವಾ ಇಂಥ ಇನ್ನೊಬ್ಬನದೇ ಎಂದು ಗಂಟುಹಾಕಿಕೊಳ್ಳುವುದು. ಮೂರನೆಯದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಇದಕ್ಕೆ ಪರಿಹಾರವಾಗಿಯೇ ಗೀತ, ವಾದ್ಯ, ರಂಗಾಲಂಕಾರಗಳಿವೆ. ಐದನೆಯದು ಸ್ಫುಟತ್ವಾಭಾವ, ಅಂದರೆ ಕಾಣಬೇಕಾದದ್ದು ಸ್ಪಷ್ಟವಾಗಿ ಕಾಣದಿರುವುದು.

ಈ ದೃಷ್ಟಿಯಿಂದ ನೋಡಿದರೆ 1999ರ ಪ್ರೇಕ್ಷಕರ ಗೊಂದಲವು ಬಿಡಿಬಿಡಿಯಾಗಿ ಬಿಚ್ಚಿಕೊಳ್ಳುತ್ತದೆ. ವಾಕರಿಕೆ ಬಂದವರು ಮೂರನೆಯ ವಿಘ್ನಕ್ಕೆ ಸಿಕ್ಕಿದವರು. ತಮ್ಮ ಹೊಟ್ಟೆಯ ಸಂಕಟವೇ ಮುಂದಾದಾಗ ಕಾಡಿನಲ್ಲಿ ದಾರಿತಪ್ಪಿದವರ ಸಂಕಟಕ್ಕೆ ಎಡೆಯಿಲ್ಲ. ಕಥೆ ನಡೆಯುವಷ್ಟು ಹೊತ್ತೂ ಚಿತ್ರದಲ್ಲಿ ಹಿನ್ನೆಲೆ ಸಂಗೀತವೂ ಇಲ್ಲವಾದುದರಿಂದ ಅವರನ್ನು ಕೈಹಿಡಿದು ಒಳಗೆಳೆದುಕೊಳ್ಳುವ ಆಸರೆಯೂ ಇರಲಿಲ್ಲ. ‘ಏನನ್ನೂ ತೋರಿಸಲಿಲ್ಲ’ ಎಂದು ಸಿಟ್ಟಾದವರದು ಐದನೆಯ ವಿಘ್ನ. ಆದರೆ ಇದೇ ಅಸ್ಪಷ್ಟತೆಯನ್ನು ಬೆದರಿದವರು ಚಿತ್ರದ ದೊಡ್ಡ ಗುಣವೆಂದರು. ಇಲ್ಲಿ ಪ್ರೇಕ್ಷಕನ ಸಂಸ್ಕಾರದ ಪ್ರಶ್ನೆ ಬರುತ್ತದೆ. ಕತ್ತಲ ಕಾಡಿನ ಅನುಭವವೋ, ಬಾಲ್ಯದಲ್ಲಿ ಕೇಳಿದ ದೆವ್ವದ ಕಥೆಯ ನೆನಪೋ ಯಾರಲ್ಲಿ ಹುದುಗಿತ್ತೋ ಅವರು ತೆರೆಯ ಮೇಲಿನ ಖಾಲಿ ಜಾಗವನ್ನು ತಮ್ಮ ನೆನಪುಗಳಿಂದ ತುಂಬಿಕೊಂಡರು. ನಗರದ ಬೆಳಕಿನಲ್ಲಿಯೇ ಬೆಳೆದ ಯುವಕನೊಬ್ಬನಿಗೆ ಕಡ್ಡಿ ಮುರಿದ ಸದ್ದು ಬರಿಯ ಕಡ್ಡಿ ಮುರಿದ ಸದ್ದೇ ಆಗಿ ಕೇಳಿದರೆ ಅವನನ್ನು ದೂರುವಂತಿಲ್ಲ.

ಇನ್ನುಳಿದವು ಮೊದಲ ಎರಡು ವಿಘ್ನಗಳು. ಚಿತ್ರದ ನಿಜವಾದ ಸಮಸ್ಯೆ ಇರುವುದು ಇಲ್ಲಿಯೇ. ಯಾರೂ ಕೇಳರಿಯದ ಮಾಟಗಾತಿಯನ್ನು ಜನ ನಂಬುವಂತೆ ಮಾಡಲು ಪ್ರಸಿದ್ಧಿ ಬೇಕಿತ್ತು. ಇಲ್ಲದ ಪ್ರಸಿದ್ಧಿಯನ್ನು ಅಂತರ್ಜಾಲ, ಭಿತ್ತಿಪತ್ರ, ದೂರದರ್ಶನಗಳ ಮೂಲಕ ಹುಟ್ಟಿಸಲಾಯಿತು. ಹೀಗೆ ಮೊದಲ ವಿಘ್ನವನ್ನು ಸುಳ್ಳಿನಿಂದ ದಾಟಿದವರು ನೇರವಾಗಿ ಎರಡನೆಯದರಲ್ಲಿ ಬಿದ್ದರು. ನಂಬಿದ ಪ್ರೇಕ್ಷಕನಿಗೆ ಅದು ಸರ್ವಸಾಧಾರಣವಾದ ಮಾನವಭೀತಿಯಾಗಿ ಉಳಿಯಲಿಲ್ಲ. 1994ರ ಅಕ್ಟೋಬರಿನಲ್ಲಿ, ಮೇರಿಲ್ಯಾಂಡಿನಲ್ಲಿ, ಹೆದರ್ ಎಂಬ ನಿರ್ದಿಷ್ಟ ಹುಡುಗಿಯ ಸಾವಾಯಿತು. ಅವನು ಅನುಭವಿಸಿದುದು ಭಯಾನಕರಸವನ್ನಲ್ಲ, ಲೋಕದ ಭಯವನ್ನು; ಅದರ ಬೆನ್ನಿಗೆ, ಇನ್ನೊಬ್ಬರ ಸಾವನ್ನು ಟಿಕೆಟು ಕೊಂಡು ನೋಡಿದೆನಲ್ಲಾ ಎಂಬ ಅಳುಕನ್ನು. ನಿಜ ತಿಳಿದ ದಿನ ಆ ಭಯವು ಸಿಟ್ಟಾಗಿ ತಿರುಗಿದುದರಲ್ಲಿ ಆಶ್ಚರ್ಯವಿಲ್ಲ. ತನ್ನ ಕನಿಕರವನ್ನು ಯಾರೋ ವಸೂಲಿ ಮಾಡಿಕೊಂಡು ಹೋದಂತೆ ಅವನಿಗೆ ಅನ್ನಿಸಿತು.

ಬಣ್ಣದ ವೇಷದ ಪಾಠ

ಎರಡನೆಯ ವಿಘ್ನಕ್ಕೆ ಅಭಿನವಗುಪ್ತನು ಸೂಚಿಸುವ ಪರಿಹಾರವು ಇನ್ನೂ ಕುತೂಹಲಕಾರಿ. ನಾಟಕದ ಮುನ್ನ ಪೂರ್ವರಂಗವಿದೆ, ಪ್ರಸ್ತಾವನೆಯಿದೆ. ನಟನು ಕಿರೀಟಾದಿಗಳಿಂದ ತನ್ನ ನಿಜರೂಪವನ್ನು ಮರೆಮಾಡಿಕೊಳ್ಳುತ್ತಾನೆ. ಇವೆಲ್ಲವೂ ‘ಇದು ನಾಟ್ಯ’ ಎಂಬ ಅರಿವನ್ನು ಮೊದಲೇ ಮೂಡಿಸುವ ಉಪಾಯಗಳು. ಈ ಅರಿವು ರಸವನ್ನು ಕೆಡಿಸುವುದಿಲ್ಲ, ಕಾಪಾಡುತ್ತದೆ.

ಮಳೆಗಾಲದಲ್ಲಿ ಕರಾವಳಿಯಿಂದ ಮುಂಬಯಿಗೆ ಬರುವ ಯಕ್ಷಗಾನ ಕಲಾವಿದರ ಪ್ರದರ್ಶನಗಳನ್ನು ನೋಡಿದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬಣ್ಣದ ವೇಷದ ರಕ್ಕಸನು ಸುಮ್ಮನೆ ಬಂದು ನಿಲ್ಲುವುದಿಲ್ಲ. ಇಬ್ಬರು ತೆರೆ ಹಿಡಿಯುತ್ತಾರೆ, ಚೆಂಡೆ ಮೊಳಗುತ್ತದೆ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಮಾತ್ರ ಕಾಣುತ್ತದೆ, ಹಿಂದಿನಿಂದ ಆರ್ಭಟ ಕೇಳಿಸುತ್ತದೆ. ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಆ ಮುಖ ಪೂರ್ತಿ ಕಾಣುವ ಹೊತ್ತಿಗೆ ಮುಂದಿನ ಸಾಲಿನ ಮಕ್ಕಳು ಅಮ್ಮನ ಸೆರಗಿನ ಮರೆಗೆ ಸರಿದಿರುತ್ತಾರೆ. ಆದರೂ ಅದೇ ಮಕ್ಕಳು ಸೆರಗಿನ ಸಂದಿಯಿಂದ ಇಣುಕಿ ನೋಡುತ್ತಿರುತ್ತಾರೆ. ಭಾಗವತರು ಅಲ್ಲಿಯೇ ಕುಳಿತು ಹಾಡುತ್ತಿದ್ದಾರೆ, ಅಮ್ಮ ಪಕ್ಕದಲ್ಲಿದ್ದಾಳೆ, ಸುತ್ತಲಿನವರು ನಗುತ್ತಿದ್ದಾರೆ. ಮಗುವಿನ ಭಯಕ್ಕೆ ಒಂದು ಬೇಲಿಯಿದೆ. ಆ ಬೇಲಿಯೊಳಗೆ ಅದು ಭಯವನ್ನು ಸವಿಯಲು ಕಲಿಯುತ್ತದೆ. ಬ್ಲೇರ್ ವಿಚ್‌ನ ಪ್ರಚಾರಕರು ಕಿತ್ತುಹಾಕಿದ್ದು ಈ ಬೇಲಿಯನ್ನು. ಪೂರ್ವರಂಗದ ಜಾಗದಲ್ಲಿ ‘ಇದು ನಾಟ್ಯವಲ್ಲ’ ಎಂಬ ಘೋಷಣೆಯನ್ನು ಇರಿಸಿದರು.

ಬೆಲೆ ತೆತ್ತವರು ಯಾರು?

ಇದು ಬರಿಯ ಸೌಂದರ್ಯಶಾಸ್ತ್ರದ ಚರ್ಚೆಯಾಗಿದ್ದರೆ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಈ ಪ್ರಯೋಗಕ್ಕೆ ಕೆಲವು ವ್ಯಕ್ತಿಗಳು ಬೆಲೆ ತೆತ್ತರು. ನಟಿ ಹೆದರ್ ಡೊನಹ್ಯೂ ತನ್ನ ಹೆಸರನ್ನೇ ಪಾತ್ರಕ್ಕೆ ಕೊಟ್ಟಿದ್ದರು. ಜೊತೆಗಾರರಿಬ್ಬರನ್ನು ಕಾಡಿಗೆ ಕರೆದೊಯ್ದು ದಾರಿತಪ್ಪಿಸಿದ ಹಟಮಾರಿ ಹುಡುಗಿಯ ಮೇಲೆ ಪ್ರೇಕ್ಷಕರಿಗಾದ ಸಿಟ್ಟೆಲ್ಲವೂ, ಪಾತ್ರಕ್ಕೂ ನಟಿಗೂ ನಡುವೆ ಗೆರೆಯಿಲ್ಲದ ಕಾರಣ, ನೇರವಾಗಿ ಅವರ ಮೇಲೆಯೇ ಬಿತ್ತು. ಆ ವರ್ಷದ ಅತ್ಯಂತ ಕಳಪೆ ನಟಿಯೆಂಬ ಅಣಕು ಪ್ರಶಸ್ತಿಯನ್ನೂ ಅವರಿಗೆ ಹೊರಿಸಲಾಯಿತು. ಬರೆದ ಸಂಭಾಷಣೆಯಿಲ್ಲದೆ, ಅರೆಹೊಟ್ಟೆಯಲ್ಲಿ, ಕ್ಯಾಮೆರಾವನ್ನೂ ತಾನೇ ಹೊತ್ತು ಪ್ರೇಕ್ಷಕರನ್ನು ನಂಬಿಸಿದುದಕ್ಕೆ ದೊರೆತ ಬಹುಮಾನವಿದು. ಅಭಿನಯವು ಅಭಿನಯವೆಂದು ಗೊತ್ತಾಗದಷ್ಟು ಚೆನ್ನಾಗಿದ್ದುದರಿಂದಲೇ ಅದು ಅಭಿನಯವೆಂದು ಲೆಕ್ಕಕ್ಕೆ ಬರಲಿಲ್ಲ. ಮುಂದೆ ಅವರು ನಟನೆಯಿಂದ ದೂರ ಸರಿದು, ತಮ್ಮ ಹೆಸರನ್ನೇ ಕಾನೂನುರೀತ್ಯಾ ಬದಲಾಯಿಸಿಕೊಂಡರು.

ಹಣದ ಲೆಕ್ಕವೂ ಹಾಗೆಯೇ. ಕೋಟಿಗಟ್ಟಲೆ ಡಾಲರ್ ಗಳಿಸಿದ ಚಿತ್ರದ ಮೂವರು ನಟರಿಗೆ ಆ ಗಳಿಕೆಗೆ ತಕ್ಕ ಪಾಲು ಸಿಗಲಿಲ್ಲ. 2024ರಲ್ಲಿ, ಆಗ ಚಿತ್ರದ ಹಕ್ಕು ಹೊಂದಿದ್ದ ಲಯನ್ಸ್‌ಗೇಟ್ ಸಂಸ್ಥೆಯು ಹೊಸದೊಂದು ಬ್ಲೇರ್ ವಿಚ್ ಚಿತ್ರವನ್ನು ಘೋಷಿಸಿದಾಗ ಆ ಮೂವರೂ ಸೇರಿ ಬಹಿರಂಗ ಪತ್ರವನ್ನು ಬರೆದು ನ್ಯಾಯಯುತ ಸಂಭಾವನೆಯನ್ನೂ, ತಮ್ಮ ಹೆಸರು ಮುಖಗಳನ್ನು ಬಳಸುವ ಮುನ್ನ ತಮ್ಮೊಡನೆ ಸಮಾಲೋಚನೆಯನ್ನೂ ಕೋರಿದರು. ಚಿತ್ರ ತೆರೆಕಂಡು 25 ವರ್ಷಗಳಾಗಿದ್ದವು.

ಪ್ರತಿಕ್ರಿಯೆಯೇ ಜಾಹೀರಾತಾದಾಗ

ಇಂಥ ಚಿತ್ರಗಳ ಬಗ್ಗೆ ಕೇಳಿಬರುವ ‘ಮೂರ್ಛೆ ಹೋದರು, ಕಿರುಚಿದರು’ ಎಂಬ ಸುದ್ದಿಗಳನ್ನು ಸ್ವಲ್ಪ ತಡೆದು ಸ್ವೀಕರಿಸುವುದು ಒಳ್ಳೆಯದು. 1938ರಲ್ಲಿ ಆರ್ಸನ್ ವೆಲ್ಸ್ ಅವರ ಬಾನುಲಿ ನಾಟಕವನ್ನು ಕೇಳಿ, ಮಂಗಳ ಗ್ರಹದವರು ದಾಳಿಯಿಟ್ಟರೆಂದು ಅಮೆರಿಕಕ್ಕೆ ಅಮೆರಿಕವೇ ಬೀದಿಗೆ ಬಂದಿತೆಂಬ ಕಥೆ ಪ್ರಸಿದ್ಧವಾಗಿದೆ. ಆ ಗಾಬರಿಯನ್ನು ಅಂದಿನ ಪತ್ರಿಕೆಗಳು ಬಹಳವಾಗಿ ಉಬ್ಬಿಸಿದವೆಂದು ನಂತರದ ಸಂಶೋಧಕರು ತೋರಿಸಿದ್ದಾರೆ. 2009ರಲ್ಲಿ ವ್ಯಾಪಕವಾಗಿ ಬಿಡುಗಡೆಯಾದ ‘ಪ್ಯಾರಾನಾರ್ಮಲ್ ಆ್ಯಕ್ಟಿವಿಟಿ’ ಎಂಬ ಇನ್ನೊಂದು ಅಲ್ಪವೆಚ್ಚದ ಚಿತ್ರದ ಜಾಹೀರಾತಿನಲ್ಲಿ ಚಿತ್ರದ ದೃಶ್ಯಗಳ ಜೊತೆಗೆ, ಕತ್ತಲಲ್ಲಿ ಕುಳಿತು ಬೆಚ್ಚಿಬೀಳುವ ಪ್ರೇಕ್ಷಕರ ಮುಖಗಳನ್ನೇ ತೋರಿಸಲಾಗಿತ್ತು. ಭಯಪಟ್ಟವರನ್ನು ತೋರಿಸಿ ಭಯಪಡಲು ಕರೆಯುವುದು ಅಲ್ಲಿನ ಯುಕ್ತಿ. ನಮಗಿಂತ ಮೊದಲು ನೋಡಿದವರು ಹೇಗೆ ಪ್ರತಿಕ್ರಿಯಿಸಿದರೆಂಬ ಮಾತು ನಮ್ಮ ಪ್ರತಿಕ್ರಿಯೆಯನ್ನೂ ರೂಪಿಸುತ್ತದೆ.

ಸುಳ್ಳು ಅತಿಯಾದರೆ ಏನಾಗುತ್ತದೆಂಬುದಕ್ಕೂ ಹಿಂದೆಯೇ ನಿದರ್ಶನವಿತ್ತು. 1980ರಲ್ಲಿ ಇಟಲಿಯ ರುಗ್ಗೆರೊ ದೆಯೊದಾತೊ ನಿರ್ದೇಶಿಸಿದ ‘ಕ್ಯಾನಿಬಾಲ್ ಹೋಲೊಕಾಸ್ಟ್’ ಚಿತ್ರವೂ ‘ದೊರೆತ ಸುರುಳಿ’ಯ ಕಟ್ಟಿನದೇ. ಅದರಲ್ಲಿ ನಟರನ್ನು ನಿಜವಾಗಿ ಕೊಲ್ಲಲಾಗಿದೆಯೆಂಬ ಆರೋಪ ಬಂದಾಗ ನಿರ್ದೇಶಕರು ಅವರು ಬದುಕಿದ್ದಾರೆಂದು ಸಾಬೀತುಪಡಿಸಬೇಕಾಯಿತು.

ಕನ್ನಡದಲ್ಲಿಯೂ ಈ ಮಾದರಿಗೆ ಉದಾಹರಣೆಯಿದೆ. 2013ರಲ್ಲಿ ಕೆ. ಎಸ್. ಅಶೋಕ ಅವರ ನಿರ್ದೇಶನದಲ್ಲಿ ಬಂದ ‘6-5=2’ ಚಿತ್ರವು ಚಾರಣಕ್ಕೆ ಹೊರಟ ಸ್ನೇಹಿತರ ಕ್ಯಾಮೆರಾದಲ್ಲಿ ದೊರೆತ ದೃಶ್ಯಗಳೆಂಬ ಕಟ್ಟಿನಲ್ಲಿ ನಿರ್ಮಿತವಾದುದು. ಪರಿಚಿತ ತಾರೆಗಳಿಲ್ಲದ ಈ ಚಿತ್ರವನ್ನು ನೋಡಿ ‘ಇದು ನಿಜವಾಗಿ ನಡೆದದ್ದೇ?’ ಎಂದು ಕೇಳಿದವರು ಅನೇಕರು. ಕನ್ನಡದ ಯುವಕರು ತಮ್ಮ ಮಾತಿನ ಧಾಟಿಯಲ್ಲಿಯೇ ಹರಟುತ್ತಾ ಕಾಡು ಹೊಕ್ಕಾಗ ಪ್ರೇಕ್ಷಕನ ಅರೆನಂಬಿಕೆಗೆ ಇನ್ನಷ್ಟು ಜಾಗ ಸಿಕ್ಕಿತು. ಅಲ್ಪ ಸಾಧನಗಳಿಂದ ದೊಡ್ಡ ಪರಿಣಾಮ ಸಾಧಿಸಬಹುದೆಂಬ ಧೈರ್ಯವನ್ನು ಇಂಥ ಚಿತ್ರಗಳು ಹೊಸಬರಿಗೆ ಕೊಟ್ಟಿವೆ ಎಂಬುದನ್ನು ಮರೆಯಬಾರದು. ಕಾಣಿಸದೆಯೇ ಹೆದರಿಸುವುದು ಸುಲಭದ ವಿದ್ಯೆಯಲ್ಲ. ಬ್ಲೇರ್ ವಿಚ್ ಚಿತ್ರದ ಮೇಲಿನ ಆಕ್ಷೇಪವೇನಿದ್ದರೂ ಅದರ ಪ್ರಚಾರದ ಮೇಲೆ. ಇದು ಕಟ್ಟುಕಥೆಯೆಂದು ತಿಳಿದೇ ಇಂದು ನೋಡುವವರಲ್ಲಿಯೂ ಆ ಕೊನೆಯ ಮನೆಯ ಮೆಟ್ಟಿಲುಗಳನ್ನು ಕಂಡು ಉಸಿರು ಬಿಗಿಹಿಡಿಯುವವರಿದ್ದಾರೆ. ಹಾಗಾದರೆ ಆ ಸುಳ್ಳಿನ ಅಗತ್ಯ ಚಿತ್ರಕ್ಕೆ ಇರಲಿಲ್ಲ, ಮಾರಾಟಕ್ಕಿತ್ತು ಎಂದಾಯಿತು.

ಮನೆಯೊಳಗಿನ ಸೂತ್ರಧಾರ

1999ರ ಈ ಪ್ರಸಂಗ ನಮ್ಮ ಕುಟುಂಬಗಳಿಗೆ ಏಕೆ ಮುಖ್ಯವೆಂದರೆ, ಬ್ಲೇರ್ ವಿಚ್‌ನ ಪ್ರಚಾರಕರು ಶ್ರಮಪಟ್ಟು ಕಿತ್ತುಹಾಕಿದ ಬೇಲಿಯು ಇಂದು ಮೊಬೈಲಿನ ಪರದೆಯಲ್ಲಿ ತಾನಾಗಿಯೇ ಬಿದ್ದುಹೋಗಿದೆ. ಚಿತ್ರಮಂದಿರದ ಚಿತ್ರಗಳಿಗೆ ಪ್ರಮಾಣಪತ್ರವಿದೆ. 2024ರ ನಿಯಮಗಳಲ್ಲಿ ‘ಯು/ಎ’ ವರ್ಗವನ್ನು 7, 13 ಮತ್ತು 16 ವರ್ಷಗಳ ಮೂರು ಹಂತಗಳಾಗಿ ವಿಂಗಡಿಸಲಾಯಿತು. ಅಂತರ್ಜಾಲದ ಚಿತ್ರವಾಹಿನಿಗಳೂ 2021ರ ನಿಯಮಗಳಂತೆ ವಯೋಮಿತಿಯನ್ನು ಸೂಚಿಸಬೇಕು. ಆದರೆ ಯಾರೋ ರವಾನಿಸಿದ ಒಂದೂವರೆ ನಿಮಿಷದ ಕತ್ತಲ ತುಣುಕಿಗೆ ಹೆಸರಿಲ್ಲ, ನಟರ ಪಟ್ಟಿಯಿಲ್ಲ, ಪ್ರಮಾಣಪತ್ರವಿಲ್ಲ. ಅದು ಚಿತ್ರದ ಭಾಗವೋ, ನಡೆದ ಘಟನೆಯೋ ಎಂದು ಹಿರಿಯರಿಗೇ ತಿಳಿಯದಿರುವಾಗ ಹತ್ತು ವರ್ಷದ ಮಗುವಿಗೆ ತಿಳಿಯುವುದೆಂತು? ಭಯವನ್ನು ಒಬ್ಬಂಟಿಯಾಗಿ, ಹೊದಿಕೆಯೊಳಗೆ, ಪುಟ್ಟ ಪರದೆಯಲ್ಲಿ ನೋಡಿದ ಮಗುವಿಗೆ ಸೆರಗೂ ಇಲ್ಲ, ಚೆಂಡೆಯ ಸದ್ದೂ ಇಲ್ಲ.

ಭಯದ ಕಥೆಗಳನ್ನೆಲ್ಲ ಮನೆಯಿಂದ ಹೊರಗಿಡಬೇಕೆಂದು ಇದರ ಅರ್ಥವಲ್ಲ. ಅಜ್ಜಿಯ ಬಾಯಿಂದ ಬ್ರಹ್ಮರಾಕ್ಷಸನ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಅದರಿಂದ ಯಾರೂ ಕೆಟ್ಟಿಲ್ಲ. ಅಲ್ಲಿ ಕಥೆಯಿತ್ತು, ಹೇಳುವವಳ ಮಡಿಲೂ ಇತ್ತು. ಮಗು ನಡುವೆ ತಡೆದು ‘ಇದು ನಿಜವಾ ಅಜ್ಜಿ?’ ಎಂದು ಕೇಳುತ್ತಿತ್ತು. ಅಜ್ಜಿ ನಕ್ಕು ‘ಕಥೆ ಕಣೋ’ ಎನ್ನುತ್ತಿದ್ದಳು. ಉತ್ತರ ಕೇಳಿದ ಮೇಲೂ ಮಗು ಹೆದರುತ್ತಿತ್ತು, ಮುಂದೇನಾಯಿತು ಎಂದೂ ಪೀಡಿಸುತ್ತಿತ್ತು. ಇಂದು ಅದೇ ಪ್ರಶ್ನೆಯನ್ನು ಮಕ್ಕಳು ಮೊಬೈಲ್ ಹಿಡಿದುಕೊಂಡು ಬಂದು ಕೇಳಿದಾಗ ‘ಅದನ್ನೆಲ್ಲ ಯಾಕೆ ನೋಡ್ತೀಯ?’ ಎಂದು ಗದರಿ ಕಳುಹಿಸುವ ಬದಲು, ಒಂದು ಕ್ಷಣ ಪಕ್ಕದಲ್ಲಿ ಕೂರಿಸಿಕೊಂಡು, ಇದನ್ನು ಯಾರು ತೆಗೆದರು, ಕ್ಯಾಮೆರಾ ಯಾರ ಕೈಯಲ್ಲಿತ್ತು, ಆ ಸದ್ದನ್ನು ಹೇಗೆ ಮಾಡಿದ್ದಾರು ಎಂದು ಜೊತೆಯಾಗಿ ಯೋಚಿಸಿದರೆ ಸಾಕು. ಪೂರ್ವರಂಗವಿಲ್ಲದೆ ಬಂದ ಆಟಕ್ಕೆ ಪೂರ್ವರಂಗವನ್ನು ಮನೆಯ ಹಿರಿಯರೇ ನಡೆಸಿಕೊಡಬೇಕಾದ ಕಾಲವಿದು.